ಮೋರಿ ನೀರು, ಪಾರ್ಕಿನ ಹುಲ್ಲು, ಕೇರಿಯ ಕೊಡ

(ಸುದ್ದಗುಂಟೆಪಾಳ್ಯದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇವೆ.)



ಸಭೆಗೆ ಬರ್ತಾ ದಾರಿಯಲ್ಲಿ ನಿಮ್ಮಲ್ಲೊಬ್ಬ ತಮ್ಮ ಕೇಳಿದ: "ಅಣ್ಣಾ, ಭೂಮಿ ವಿಷಯ ಇದೆ, ಸ್ಕಾಲರ್‌ಶಿಪ್ ಬಂದಿಲ್ಲ, ಬ್ಯಾಕ್‌ಲಾಗ್ ಹುದ್ದೆ ತುಂಬಿಲ್ಲ. ನೀವು ಬಂದು ಪಾರ್ಕಿಗೆ ಯಾವ ನೀರು ಹಾಕಬೇಕು ಅಂತ ಭಾಷಣ ಮಾಡ್ತೀರಂತೆ. ಅದು ಬೆಳಿಗ್ಗೆ ವಾಕಿಂಗ್ ಮಾಡೋರ ತಲೆನೋವಲ್ವಾ?"

ನ್ಯಾಯವಾದ ಪ್ರಶ್ನೆಯೇ. ನಾವೂ ಬಹಳ ಕಾಲ ಹಾಗೇ ಅಂದುಕೊಂಡಿದ್ದವರು. ಆದರೆ ಈ ನೀರಿನ ಹಿಂದೆ ಹಿಂದೆ ನಡೆದುಕೊಂಡು ಹೋದರೆ ಅದು ನೇರ ನಮ್ಮ ಕೇರಿಗೆ ಬಂದು ನಿಲ್ಲುತ್ತದೆ. ಇವತ್ತು ಅಷ್ಟು ದೂರ ನಿಮ್ಮ ಜೊತೆ ನಡೆಯೋಣ ಅಂತ ಬಂದಿದ್ದೇವೆ.

2024ರ ಮಾರ್ಚ್ ತಿಂಗಳು ನಿಮ್ಮಲ್ಲಿ ಬಹಳ ಜನಕ್ಕೆ ನೆನಪಿರಬೇಕು. ಬೆಂಗಳೂರಿನ ಬೋರುಗಳು ಒಂದೊಂದಾಗಿ ಬತ್ತಿದವು. ಪಿ.ಜಿ.ಗಳಲ್ಲಿ ಇದ್ದವರು ಬಕೆಟ್ ಲೆಕ್ಕದಲ್ಲಿ ಸ್ನಾನ ಮಾಡಿದರು. ನಮ್ಮ ಕಡೆ ಕುಂಟೆ ಅಂದರೆ ದನ ನೀರು ಕುಡಿಯೋ ಸಣ್ಣ ಕೆರೆ. ಸುದ್ದಗುಂಟೆ ಅನ್ನೋ ಹೆಸರು ಕೇಳಿದಾಗೆಲ್ಲ ಇಲ್ಲೂ ಅಂಥದೊಂದು ಇತ್ತೇನೋ ಅಂತ ಕಿವಿಗೆ ಬೀಳುತ್ತದೆ. ಪಕ್ಕದ್ದು ತಾವರೆಕೆರೆ. ಊರುಗಳ ಹೆಸರಲ್ಲಿ ನೀರಿದೆ, ನಲ್ಲಿಯಲ್ಲಿ ಮಾತ್ರ ಗಾಳಿ.

ಆ ತಿಂಗಳು ಟ್ಯಾಂಕರಿನವರ ದರಕ್ಕೆ ಜಿಲ್ಲಾಡಳಿತ ಒಂದು ಮಿತಿ ಹಾಕಿತು. 5 ಕಿಲೋಮೀಟರ್ ಒಳಗೆ 6,000 ಲೀಟರಿನ ಟ್ಯಾಂಕರಿಗೆ 600 ರೂಪಾಯಿ. ಅದು ಕಡಿಮೆ ಮಾಡಿದ ದರ! ಅದೇ ದಿನಗಳಲ್ಲಿ ಮನೆಗೆ ಕಾವೇರಿ ನಲ್ಲಿ ಇದ್ದವರಿಗೆ ಜಲಮಂಡಳಿಯ ಕೆಳಗಿನ ಹಂತದ ದರ ಸಾವಿರ ಲೀಟರಿಗೆ 7 ರೂಪಾಯಿ. ಲೆಕ್ಕ ಹಾಕಿ. ಅಷ್ಟೇ ನೀರಿಗೆ ನಲ್ಲಿ ಇರುವವನು 42 ರೂಪಾಯಿ ಕೊಟ್ಟ, ನಲ್ಲಿ ಇಲ್ಲದವನು 600 ಕೊಟ್ಟ. ಬಡವನ ನೀರು ತುಟ್ಟಿ ಅನ್ನೋದಕ್ಕೆ ನಾವು ಇದಕ್ಕಿಂತ ದೊಡ್ಡ ಪುಸ್ತಕ ಓದಬೇಕಾಗಿಲ್ಲ.

ಆಗಲೇ ಜಲಮಂಡಳಿ ಆದೇಶ ಹೊರಡಿಸಿತು: ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯೋದಕ್ಕೆ, ಕಟ್ಟಡ ಕಟ್ಟೋದಕ್ಕೆ, ಕಾರಂಜಿಗೆ ಬಳಸಬಾರದು. ತಪ್ಪಿದರೆ 5,000 ರೂಪಾಯಿ ದಂಡ, ಮತ್ತೆ ತಪ್ಪಿದರೆ ದಿನಕ್ಕೆ 500 ಜಾಸ್ತಿ. ಕೆಲವೇ ದಿನದಲ್ಲಿ 22 ಮನೆಗಳಿಂದ 1 ಲಕ್ಷ 10 ಸಾವಿರ ದಂಡ ಎತ್ತಿದರು. 2025ರ ಫೆಬ್ರವರಿಯಲ್ಲಿ ಅದೇ ಆದೇಶ ಮತ್ತೆ ಬಂತು. ಗಿಡಕ್ಕೆ ಸಂಸ್ಕರಿಸಿದ ನೀರು ಹಾಕಿ ಅಂದರು. ಸಂಸ್ಕರಿಸಿದ ನೀರು ಅಂದರೆ ಏನು? ಮೋರಿ ನೀರನ್ನು ತೊಳೆದು ಮತ್ತೆ ನೀರು ಮಾಡೋದು. ನಮ್ಮ ಕಕ್ಕಸಿನದು, ಬಚ್ಚಲಿನದು, ಮೆಸ್ಸಿನ ಪಾತ್ರೆ ತೊಳೆದದ್ದು, ಎಲ್ಲ ಸೇರಿ.

ಆದೇಶ ಸರಿಯೇ ಇದೆ. ಅದನ್ನು ಮೊದಲೇ ಹೇಳಿಬಿಡ್ತೀವಿ, ಆಮೇಲೆ ನಮ್ಮನ್ನು ಎಲ್ಲದಕ್ಕೂ ಅಡ್ಡಗಾಲು ಹಾಕೋರು ಅನ್ನಬೇಡಿ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಬರಬೇಕು, ಬೆಟ್ಟ ಹತ್ತಿದ ಹಾಗೆ ಅರ್ಧ ಕಿಲೋಮೀಟರಿನಷ್ಟು ಮೇಲಕ್ಕೆ ಪಂಪು ಎತ್ತಬೇಕು. ಮೊದಲ ಹಂತ ಬಂದಿದ್ದು 1974ರಲ್ಲಿ. ಐದನೇ ಹಂತ 2024ರ ಅಕ್ಟೋಬರಿನಲ್ಲಿ, ದಿನಕ್ಕೆ 77.5 ಕೋಟಿ ಲೀಟರ್ ಲೆಕ್ಕದಲ್ಲಿ. ಅಷ್ಟು ಕರೆಂಟು ಸುಟ್ಟು ತಂದ ನೀರನ್ನು ಹುಲ್ಲಿಗೆ ಸುರಿಯೋದು ಸೊಕ್ಕಿನ ಕೆಲಸ. ಹುಲ್ಲಿಗೆ ಕಾವೇರಿ ಬೇಕಿಲ್ಲ. ಮನೆಗೆ ಬಂದ ನೀರಿನಲ್ಲಿ 100ಕ್ಕೆ 80 ಪಾಲು ಮತ್ತೆ ಮೋರಿಗೇ ಹೋಗುತ್ತದೆ ಅಂತ ಇಂಜಿನಿಯರುಗಳ ಲೆಕ್ಕ. ಆ 80 ಪಾಲು ಬಳಸದೆ ಕೆರೆಗೆ ಬಿಟ್ಟು ನೊರೆ ಎಬ್ಬಿಸೋದು ಇನ್ನೂ ದೊಡ್ಡ ಸೊಕ್ಕು. ಬೆಳ್ಳಂದೂರು ಕೆರೆ ಹೊತ್ತಿ ಉರಿದದ್ದನ್ನು ಲೋಕವೇ ನೋಡಿತು.

ಹೊಲಸು ನೀರು ಹೇಗೆ ನೀರಾಗುತ್ತೆ ಅನ್ನೋದನ್ನು ವಿಜ್ಞಾನ ಓದೋ ಗೆಳೆಯರು ಮಿಕ್ಕವರಿಗೆ ಹೇಳಬೇಕು. ನಾವು ತಿಳಿದಷ್ಟು ಹೇಳ್ತೀವಿ. ಮೊದಲು ಕಬ್ಬಿಣದ ಜಾಲರಿ; ಪ್ಲಾಸ್ಟಿಕ್ಕು, ಬಟ್ಟೆ, ಕಡ್ಡಿ ಅಲ್ಲೇ ನಿಲ್ಲುತ್ತೆ. ಆಮೇಲೆ ಮರಳು, ಕಲ್ಲು ತಳಕ್ಕೆ ಕೂರುವ ತೊಟ್ಟಿ. ಆಮೇಲೆ ಗಾಳಿ ಊದುವ ತೊಟ್ಟಿ, ಅಲ್ಲಿದೆ ನಿಜವಾದ ಕೆಲಸ. ಕೋಟಿ ಕೋಟಿ ಬ್ಯಾಕ್ಟೀರಿಯಾ ಆ ಹೊಲಸನ್ನೇ ಊಟ ಮಾಡಿ ಬೆಳೆಯುತ್ತವೆ. ಬೆಳೆದು ಕೆಸರಾಗಿ ತಳಕ್ಕೆ ಇಳಿದ ಮೇಲೆ ಮೇಲುಗಡೆ ತಿಳಿ ನೀರು. ಇದು ಎರಡನೇ ಹಂತ. ಮಕ್ಕಳು ಉರುಳಾಡೋ ಹುಲ್ಲಿಗೆ ಇಷ್ಟು ಸಾಲದು. ಮೂರನೇ ಹಂತದಲ್ಲಿ ಮರಳು, ಇದ್ದಿಲು ಅಥವಾ ತೆಳ್ಳನೆ ಪೊರೆಯಲ್ಲಿ ಸೋಸಬೇಕು, ಕ್ಲೋರಿನ್ನೋ ನೇರಳಾತೀತ ಬೆಳಕೋ ಕೊಟ್ಟು ರೋಗಾಣು ಕೊಲ್ಲಬೇಕು. ಬಿ.ಓ.ಡಿ. ಅಂತ ಒಂದು ಅಳತೆ ಇದೆ, ನೀರಿನಲ್ಲಿರೋ ಕೊಳೆ ತಿಂದು ಮುಗಿಸೋಕೆ ಬ್ಯಾಕ್ಟೀರಿಯಾಗೆ ಎಷ್ಟು ಆಮ್ಲಜನಕ ಬೇಕು ಅಂತ. ಮೋರಿ ನೀರಿನಲ್ಲಿ ಅದು ಲೀಟರಿಗೆ 200 ಮಿಲಿಗ್ರಾಂ ದಾಟಬಹುದು. ಸಂಸ್ಕರಿಸಿದ ಮೇಲೆ 10 ದಾಟಬಾರದು ಅಂತ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು.

ಲಾಲ್‌ಬಾಗಿನಲ್ಲಿ, ಕಬ್ಬನ್ ಪಾರ್ಕಿನಲ್ಲಿ ಜಲಮಂಡಳಿ ಇಂಥ ಮೂರನೇ ಹಂತದ ಘಟಕಗಳನ್ನು ಎಷ್ಟೋ ವರ್ಷದ ಹಿಂದೆಯೇ ಕಟ್ಟಿತು. ಒಂದೊಂದೂ ದಿನಕ್ಕೆ 15 ಲಕ್ಷ ಲೀಟರ್ ಅಳತೆಯದು. ಇಲ್ಲೇ ಮಡಿವಾಳ ಕೆರೆ ಹತ್ತಿರ ಇನ್ನೊಂದು ಘಟಕ, 40 ಲಕ್ಷ ಲೀಟರಿನದು.

ಈ 15 ಲಕ್ಷದ ಹತ್ತಿರ ಸ್ವಲ್ಪ ನಿಲ್ಲೋಣ. ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಬೇಕು ಅಂತ ಸರ್ಕಾರದ ಮಾನದಂಡ. ಲಾಲ್‌ಬಾಗು ಮೋರಿ ನೀರು ಕುಡಿದು ಉಳಿಸಿಕೊಡುವ 15 ಲಕ್ಷ ಲೀಟರ್ ಒಳ್ಳೆ ನೀರು ಸುಮಾರು 11 ಸಾವಿರ ಜನರ ಒಂದು ದಿನದ ಪಾಲು. ಎಷ್ಟೊಂದು ಹಾಸ್ಟೆಲ್ಲು, ಎಷ್ಟೊಂದು ಕೇರಿ ಅದರಲ್ಲಿ ಹಿಡಿಸುತ್ತೆ!

ಈಗ ಕೇಳಿ. ಆ 11 ಸಾವಿರ ಜನ ಯಾರು? ಪಾರ್ಕಿಗೆ ಇಷ್ಟು ಸಂಸ್ಕರಿಸಿದ ನೀರು ಕೊಟ್ಟೆವು ಅಂತ ಲೆಕ್ಕ ಬರೆಯುತ್ತಾರೆ. ಅದರಿಂದ ಉಳಿದ ಕಾವೇರಿ ನೀರು ಯಾವ ಬೀದಿಯ ಯಾವ ನಲ್ಲಿಗೆ ಹೋಯಿತು ಅನ್ನೋ ಲೆಕ್ಕವನ್ನು ನೀವು ಯಾವ ಬೋರ್ಡಿನ ಮೇಲಾದರೂ ನೋಡಿದ್ದೀರಾ? ನಾವು ನೋಡಿಲ್ಲ. ಉಳಿತಾಯ ಅನ್ನೋದು ಎರಡು ಕಾಲಿನದು. ಒಂದು ಕಾಲು ಪಾರ್ಕಿನಲ್ಲಿ, ಇನ್ನೊಂದು ನಮ್ಮ ಕೊಡದಲ್ಲಿ ಇರಬೇಕು. ಒಂದೇ ಕಾಲಿನಲ್ಲಿ ನಿಲ್ಲಿಸಿದರೆ ಆ ನೀರು ಹೊಸ ಅಪಾರ್ಟ್‌ಮೆಂಟಿನ ಸಂಪಿಗೆ ಹೋಗಿ ಬೀಳುತ್ತದೆ, ನಮ್ಮ ಅವ್ವಂದಿರು ರಾತ್ರಿ 2 ಗಂಟೆಗೆ ಬೀದಿ ನಲ್ಲಿ ಕಾಯೋದು ತಪ್ಪೋದಿಲ್ಲ.

ನಮ್ಮಲ್ಲಿ ಕೆಲವರು ಓದಿದ ಒಂದು ಹಾಸ್ಟೆಲ್ಲು ನೆನಪಾಗುತ್ತೆ. ಹೆಸರು ಬೇಡ. ಒಳಗೆ 80 ಹುಡುಗರಿಗೆ ಎರಡು ನಲ್ಲಿ, ಅದೂ ಬೆಳಿಗ್ಗೆ 8ಕ್ಕೆ ನಿಂತು ಹೋಗೋದು. ಹೊರಗೆ ಬೋರ್ಡಿನ ಕೆಳಗೆ ಸಾಲಾಗಿ ಕ್ರೋಟನ್ ಗಿಡ. ಸಾಹೇಬರು ತಪಾಸಣೆಗೆ ಬರುವ ವಾರ ಆ ಗಿಡಕ್ಕೆ ಪೈಪಿನಲ್ಲಿ ಕುಡಿಯುವ ನೀರು ಬಿಡೋರು. ನಾವು ಮುಖ ತೊಳೆಯದೆ ಕ್ಲಾಸಿಗೆ ಹೋದ ದಿನ ಗಿಡದ ಎಲೆ ಫಳಫಳ ಹೊಳೀತಿತ್ತು. ಒಬ್ಬ ಗೆಳೆಯ ಆ ಗಿಡದ ಹತ್ತಿರ ನಿಂತು, "ಮುಂದಿನ ಜನ್ಮದಲ್ಲಿ ಕ್ರೋಟನ್ ಆಗಿ ಹುಟ್ಟುತ್ತೀನಿ ಕಣ್ರೋ" ಅಂದ. ಎಲ್ಲರೂ ನಕ್ಕೆವು. ನಗು ಬಂದಿತ್ತು ನಿಜ, ಹೊಟ್ಟೆಯಲ್ಲಿ ಏನೋ ಸುಟ್ಟಿದ್ದೂ ನಿಜ.

ಇನ್ನೊಂದು ಮಾತು. ಮೋರಿ ನೀರು ಗಿಡಕ್ಕೆ ಅಂದ ತಕ್ಷಣ ಮೂಗು ಮುಚ್ಚಿಕೊಳ್ಳೋರು ಇದ್ದಾರೆ. ಥೂ, ಅಶುದ್ಧ, ಮೈಲಿಗೆ ಅಂತ. ಈ ಶುದ್ಧ ಅಶುದ್ಧದ ಪಾಠ ನಮಗೆ ಹೊಸದಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ಮಹಾಡಿನ ಚವದಾರ್ ಕೆರೆಗೆ ನಡೆದು ಹೋಗಿ ಬೊಗಸೆ ನೀರು ಕುಡಿದರು. ಆ ಕೆರೆ ಎಲ್ಲರಿಗೂ ಮುಕ್ತ ಅಂತ ಮಹಾಡಿನ ಪುರಸಭೆಯೇ ಮೊದಲೇ ಠರಾವು ಮಾಡಿತ್ತು. ಆದರೂ ಸವರ್ಣೀಯರು ಜನರ ಮೇಲೆ ಬಿದ್ದು ಹೊಡೆದರು. ಆಮೇಲೆ ಕೆರೆ ಶುದ್ಧಿ ಮಾಡಿದರು. ಹೇಗೆ? 108 ಮಡಕೆಗಳಲ್ಲಿ ಮೊಸರು, ಹಾಲು, ಸಗಣಿ, ಗಂಜಲ ಬೆರೆಸಿ! ಬಿ.ಓ.ಡಿ. ಅಳತೆ ಗೊತ್ತಿರೋ ವಿದ್ಯಾರ್ಥಿ ಈಗ ಹೇಳಲಿ, ಆ ಶುದ್ಧಿಯಿಂದ ಕೆರೆಯ ಕೊಳೆ ಏರಿತೋ ಇಳಿಯಿತೋ. ಮುಟ್ಟಿದ ಬೊಗಸೆಯಿಂದ ಕೆರೆ ಕೆಟ್ಟಿರಲಿಲ್ಲ, ಶುದ್ಧಿಯಿಂದಲೇ ಕೆಟ್ಟಿತು. ನಮ್ಮವರಿಗೆ ಆ ಕೆರೆಯ ಹಕ್ಕು ಕೋರ್ಟಿನಲ್ಲಿ ಗಟ್ಟಿಯಾಗೋ ಹೊತ್ತಿಗೆ 1937 ಆಗಿತ್ತು.

ಆದ್ದರಿಂದ ಪ್ರಯೋಗಾಲಯದಲ್ಲಿ ಅಳೆದು ತೋರಿಸುವ ಶುದ್ಧಿಯ ಪಕ್ಷ ನಮ್ಮದು. ನೀರಿಗೆ ಹಿಂದಿನ ಜನ್ಮ ಇಲ್ಲ. ನಿನ್ನೆ ಮೋರಿಯಲ್ಲಿ ಹರಿದದ್ದು ಇವತ್ತು ಅಳತೆಗೆ ಸರಿಯಾಗಿ ಬಂದರೆ ಅದು ನೀರೇ. ಆದರೆ ಆ ನೀರನ್ನು ತೊಳೆದವನಿಗೆ ಮಾತ್ರ ಈ ದೇಶ ಹಿಂದಿನ ಜನ್ಮ, ಜಾತಿ ಎಲ್ಲ ಅಂಟಿಸಿಯೇ ಇಟ್ಟಿದೆ. ಪಕ್ಕದ ಬಡಾವಣೆಯ ಹೆಸರು ಮಡಿವಾಳ. ಊರಿನ ಬಟ್ಟೆ ಒಗೆದು ಮಡಿ ಮಾಡಿಕೊಡುವವನು ಮಡಿವಾಳ. ಮಡಿ ಮಾಡಿಕೊಟ್ಟವನಿಗೆ ಊರಿನವರ ಮಡಿಯಲ್ಲಿ ಜಾಗ ಸಿಕ್ಕಿತೇ? ಮೋರಿ ನೀರಿನ ಕಥೆಯೂ ಅದೇ.

ಇಲ್ಲಿಗೆ ಬಂದೆವು ನೋಡಿ. ಯಾರು ತೊಳೆಯುತ್ತಾರೆ?

ಬ್ಯಾಕ್ಟೀರಿಯಾ ತೊಳೆಯುತ್ತೆ, ಪಂಪು ತೊಳೆಯುತ್ತೆ, ನಿಜ. ಪಂಪಿಗೆ ಬಟ್ಟೆ ಸಿಕ್ಕಿಕೊಂಡಾಗ? ತೊಟ್ಟಿಯ ತಳದ ಕೆಸರು ಗಟ್ಟಿಯಾದಾಗ? 2017ರ ಮಾರ್ಚಿನಲ್ಲಿ ಸಿ.ವಿ. ರಾಮನ್ ನಗರದ ಕಡೆ ಮ್ಯಾನ್‌ಹೋಲಿಗೆ ಇಳಿದ ಮೂವರು ಸತ್ತರು. 2018ರ ಜನವರಿಯಲ್ಲಿ, ಇಲ್ಲಿಂದ ಬಸ್ಸಿನಲ್ಲಿ ಹೋಗಿ ಬರೋ ದೂರದ ಸೋಮಸಂದ್ರಪಾಳ್ಯದಲ್ಲಿ, ಒಂದು ಅಪಾರ್ಟ್‌ಮೆಂಟಿನ ಸಂಸ್ಕರಣಾ ಘಟಕ ಶುಚಿ ಮಾಡಲು ಹೋದ ಮೂವರು ಸತ್ತರು. ಸರಿಯಾಗಿ ಕೇಳಿಸಿಕೊಳ್ಳಿ, ಎರಡನೆಯದು ಬೀದಿ ಮೋರಿ ಅಲ್ಲ. ಪರಿಸರ ಉಳಿಸೋಕೆ ಅಂತ ಕಟ್ಟಿದ, ಗಿಡಕ್ಕೆ ನೀರು ಕೊಡಬೇಕಾದ ಅದೇ ಘಟಕ. ಆ ತೊಟ್ಟಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನೋ ಅನಿಲ ಕಟ್ಟಿಕೊಳ್ಳುತ್ತೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆ ವಾಸನೆ. ಜಾಸ್ತಿ ಆದರೆ ಮೂಗು ಸತ್ತು ಹೋಗುತ್ತೆ, ವಾಸನೆಯೇ ಬರೋದಿಲ್ಲ. ವಾಸನೆ ಇಲ್ಲ, ಇಳಿಯಬಹುದು ಅಂತ ಇಳಿದವನು ಬೀಳುತ್ತಾನೆ. ಅವನನ್ನು ಎತ್ತೋಕೆ ಅಂತ ಇಳಿದ ತಮ್ಮನೋ ಗೆಳೆಯನೋ ಅವನ ಮೇಲೇ ಬೀಳುತ್ತಾನೆ. ಒಬ್ಬೊಬ್ಬರೇ ಸಾಯದೆ ಇಬ್ಬರು ಮೂವರು ಒಟ್ಟಿಗೆ ಸಾಯೋದು ಇದಕ್ಕೇ. ನಿಮ್ಮ ಊರಲ್ಲಿ, ನಿಮ್ಮ ಬಂಧುಗಳಲ್ಲಿ ಈ ಕೆಲಸಕ್ಕೆ ಹೋಗೋರು ಇದ್ದರೆ ಇದೊಂದನ್ನು ಇವತ್ತೇ ಫೋನು ಮಾಡಿ ಹೇಳಿ.

ಕಾನೂನು ಇಲ್ಲವೇ ಅಂದರೆ ಬೇಕಾದಷ್ಟಿದೆ. 1970ರ ದಶಕದ ಮೊದಲಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. ದಿಲ್ಲಿಯ ಕಾಯ್ದೆ ಬರೋಕೆ 1993 ಆಯಿತು. ಅದು ಸಾಲದೆ 2013ರಲ್ಲಿ ಇನ್ನೊಂದು. ನಡುವೆ 2010ರಲ್ಲಿ ನಮ್ಮ ಸವಣೂರಿನ ಭಂಗಿ ಸಮುದಾಯದವರು ಮನೆ ಬಿಡಿಸುವುದರ ವಿರುದ್ಧ ಮೈಗೆಲ್ಲ ಮಲ ಸುರಿದುಕೊಂಡು ನಿಂತರು. ಆಮೇಲೆ ತಾನೆ ನಾಡಿನ ಕಣ್ಣು ತೆರೆದದ್ದು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಮೋರಿಗೆ ಇಳಿಸುವುದನ್ನು ನಿಲ್ಲಿಸಿ ಎಂದು ಆದೇಶಿಸಿತು. ಕಾಗದದ ಮೇಲೆ ನಾವು ಎಂದೋ ಮೋರಿಯಿಂದ ಮೇಲೆ ಬಂದಿದ್ದೇವೆ.

ಒಳ್ಳೆ ತಂತ್ರಜ್ಞಾನ ಬಂದರೆ ಎಲ್ಲ ತಾನೇ ಸರಿಹೋಗುತ್ತೆ ಅನ್ನೋ ಗೆಳೆಯರು ನಮ್ಮಲ್ಲೂ ಇದ್ದಾರೆ. ಅವರಿಗೆ ಆಫ್ರಿಕಾದ ಒಂದು ಊರಿನ ಮಾತು ಹೇಳಬೇಕು. ನಮೀಬಿಯಾದ ರಾಜಧಾನಿ ವಿಂಡ್‌ಹುಕ್. ಮರಳುಗಾಡಿನ ಪಕ್ಕದ ಊರು. 1968ರಲ್ಲೇ ಅಲ್ಲಿ ಮೋರಿ ನೀರನ್ನು ಕುಡಿಯುವ ಮಟ್ಟಕ್ಕೆ ಶುದ್ಧ ಮಾಡಿ ನಲ್ಲಿಗೆ ಬಿಟ್ಟರು. ಜಗತ್ತಿಗೇ ಮೊದಲು. ಆಗ ಆ ನಾಡನ್ನು ಆಳುತ್ತಿದ್ದದ್ದು ದಕ್ಷಿಣ ಆಫ್ರಿಕಾದ ವರ್ಣಭೇದದ ಸರ್ಕಾರ. ಅದಕ್ಕೆ ಒಂಬತ್ತೇ ವರ್ಷ ಮೊದಲು, 1959ರ ಡಿಸೆಂಬರಿನಲ್ಲಿ, ಕಪ್ಪು ಜನರನ್ನು ಅವರ ಹಳೇ ಕೇರಿಯಿಂದ ಎಬ್ಬಿಸಿ ಊರಾಚೆಗೆ ಕಟುಟುರಾ ಅನ್ನೋ ಜಾಗಕ್ಕೆ ಓಡಿಸುವಾಗ ವಿರೋಧಿಸಿದವರ ಮೇಲೆ ಗುಂಡು ಹಾರಿಸಿದ್ದರು. ಅಂದರೆ ಏನಾಯಿತು? ಕರಿಯರ, ಬಿಳಿಯರ ಮೋರಿ ನೀರನ್ನು ಮತ್ತೆ ಕುಡಿಯುವ ನೀರು ಮಾಡುವ ಜಾಣತನ ಆ ಊರಿಗೆ ಇತ್ತು. ಕರಿಯರು ಬಿಳಿಯರು ಒಂದು ಬೀದಿಯಲ್ಲಿ ಇರಬಹುದು ಅನ್ನೋ ಬುದ್ಧಿ ಇರಲಿಲ್ಲ. ಆ ಬುದ್ಧಿ ಬರೋಕೆ ಜನ ಹೋರಾಡಬೇಕಾಯಿತು; ಸ್ವಾತಂತ್ರ್ಯ ಸಿಕ್ಕಿದ್ದು 1990ರಲ್ಲಿ.

ನಮ್ಮ ಪಾರ್ಕುಗಳನ್ನೇ ನೋಡಿ. ಮಧ್ಯಾಹ್ನ ಗೇಟಿಗೆ ಬೀಗ ಹಾಕೋದು ಬೆಂಗಳೂರಿನ ಎಷ್ಟೋ ಪಾರ್ಕುಗಳಲ್ಲಿ ವರ್ಷಗಟ್ಟಲೆ ನಡೆದ ಪದ್ಧತಿ. ಬೆಳಿಗ್ಗೆ ವಾಕಿಂಗ್‌ನವರಿಗೆ, ಸಂಜೆ ವಾಕಿಂಗ್‌ನವರಿಗೆ ತೆರೆದಿರೋದು. ಬೆಳಗಿನ ಜಾವ ಪೊರಕೆ ಹಿಡಿದ ಅಕ್ಕ ಮಧ್ಯಾಹ್ನ ಬುತ್ತಿ ಬಿಚ್ಚಲು ನೆರಳು ಹುಡುಕುವ ಹೊತ್ತಿಗೆ ಬೀಗ. ಆ ಹುಲ್ಲು ಕುಡಿದ ನೀರು ಅವಳ ಮನೆಯ ಮೋರಿಯದೂ ಹೌದು. ಅವಳು ಮಾತ್ರ ಫುಟ್‌ಪಾತಿನ ಮೇಲೆ.

ನಿಮ್ಮಲ್ಲಿ ಕೋಲಾರದಿಂದ ಬಂದವರು ಕೈ ಎತ್ತಿ ಅಂದಾಗ ಬಹಳ ಕೈ ಎದ್ದವು. ನಮ್ಮ ಈ ಭಾಗದ ಇಳಿಜಾರು ಕೋರಮಂಗಲ-ಚಲ್ಲಘಟ್ಟ ಕಣಿವೆಗೆ. ಇಲ್ಲಿ ನೀವು ಸ್ನಾನ ಮಾಡಿದ ನೀರು ಸಂಸ್ಕರಣೆಯಾಗಿ ಪೈಪಿನಲ್ಲಿ ನಿಮಗಿಂತ ಮೊದಲು ಊರು ಸೇರುತ್ತಿದೆ. 2018ರ ಜೂನಿನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರಿನ ಯೋಜನೆ. ಮುಂದಿನ ತಿಂಗಳೇ ನೊರೆ ಬಂದು ಹೈಕೋರ್ಟು ತಡೆ ಕೊಟ್ಟಿತು, ಆಮೇಲೆ ಮತ್ತೆ ಬಿಟ್ಟರು. ಅದು ಎರಡನೇ ಹಂತದ ನೀರು. ಬೆಂಗಳೂರಿನ ಪಾರ್ಕಿನ ಹುಲ್ಲಿಗೆ ಮೂರನೇ ಹಂತ, ಕೋಲಾರದ ಕೆರೆಗೆ ಎರಡನೇ ಹಂತ! ಕೆರೆ ತುಂಬಿ ಬೋರು ಮರುಜೀವ ಪಡೆದದ್ದು ಸುಳ್ಳಲ್ಲ, ಬರಗಾಲದ ನಾಡಿಗೆ ಅದು ಸಣ್ಣ ಮಾತಲ್ಲ. ಆದರೆ ಬೋರು ಇರುವವನಿಗೆ ಬೆಳೆ, ಬೋರು ಇಲ್ಲದ ನಮ್ಮವರಿಗೆ ಅದೇ ಹೊಲದಲ್ಲಿ ಕೂಲಿ. ಇದರ ಬಗ್ಗೆ ಇನ್ನೊಂದು ದಿನ ಪೂರ್ತಿ ಮಾತಾಡಬೇಕು.

ಹಾಗಾದರೆ ನಾವು ಏನು ಕೇಳೋದು? ಮೊದಲನೆಯದು ಆಗಲೇ ಹೇಳಿದೆವು, ಉಳಿದ ನೀರಿನ ಲೆಕ್ಕ. ಯಾವ ಪಾರ್ಕಿಗೆ ಎಷ್ಟು ಲೀಟರ್ ಹೋಯಿತು, ಅಷ್ಟೇ ಲೀಟರ್ ಕುಡಿಯುವ ನೀರು ಯಾವ ಕೇರಿಗೆ, ಯಾವ ಹಾಸ್ಟೆಲ್ಲಿಗೆ ಬಂತು. ಆಮೇಲೆ ಘಟಕದಲ್ಲಿ ದುಡಿಯೋರು: ಅವರು ಗುತ್ತಿಗೆಯೋ ಖಾಯಮ್ಮೋ, ತೊಟ್ಟಿ ಶುಚಿ ಮಾಡೋ ಯಂತ್ರ ಇದೆಯೋ ಇಲ್ಲವೋ, ಅನಿಲ ಅಳೆಯೋ ಉಪಕರಣ ಇದೆಯೋ. ಪಾರ್ಕಿನ ಮಾಲಿಯನ್ನೂ ಮರೆಯಬೇಡಿ. ಸರಿಯಾಗಿ ಶುದ್ಧವಾಗದ ನೀರನ್ನು ಬರಿಗಾಲಲ್ಲಿ ನಿಂತು ಹಾಯಿಸುವವನು ಅವನು. ಜಂತುಹುಳುವಿನ ಮೊಟ್ಟೆ ಲೀಟರಿಗೆ ಒಂದಕ್ಕಿಂತ ಜಾಸ್ತಿ ಇರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅವನಿಗೆ ಬೂಟು, ಕೈಗವಸು ಬೇಕು. ಮೇಲಕ್ಕೆ ಚಿಮ್ಮಿಸೋ ಬದಲು ಬುಡಕ್ಕೆ ಹನಿ ಹನಿಯಾಗಿ ಕೊಟ್ಟರೆ ಅವನ ಮೂಗಿಗೂ ಮಕ್ಕಳ ಬಾಯಿಗೂ ತುಂತುರು ಹೋಗೋದಿಲ್ಲ, ನೀರೂ ಉಳಿಯುತ್ತೆ. ನೀರಿನ ಪರೀಕ್ಷೆಯ ಫಲಿತಾಂಶ ತಿಂಗಳಿಗೊಮ್ಮೆ ಗೇಟಿನ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆಯಬೇಕು. ಹೂ ಕೀಳಬಾರದು ಅಂತ ಬರೆಯೋಕೆ ಜಾಗ ಇರೋ ಬೋರ್ಡಿನಲ್ಲಿ ಇದಕ್ಕೂ ಜಾಗ ಆಗುತ್ತೆ.

ಹಾಸ್ಟೆಲ್ಲಿನಲ್ಲಿ ಬಚ್ಚಲ ನೀರು ಗಿಡಕ್ಕೆ ತಿರುಗಿಸೋಣ ಅಂತ ಯಾರಾದರೂ ಮುಂದೆ ಬಂದರೆ ಒಪ್ಪಿಕೊಳ್ಳಿ, ಒಳ್ಳೆ ಕೆಲಸ. ಕಕ್ಕಸಿನ ಪೈಪು ಬೇರೆ, ಬಚ್ಚಲ ಪೈಪು ಬೇರೆ ಇದೆಯೇ ಅಂತ ಮೊದಲು ನೋಡಿ. ಆ ನೀರನ್ನು ದಿನಗಟ್ಟಲೆ ತುಂಬಿಟ್ಟರೆ ನಾರುತ್ತೆ, ಸೊಳ್ಳೆ ಬರುತ್ತೆ. ಅವತ್ತಿನದು ಅವತ್ತೇ ಗಿಡಕ್ಕೆ ಹೋಗಬೇಕು. ಆದರೆ ಪೈಪು ಕಟ್ಟಿಕೊಂಡಾಗ ಹುಡುಗರನ್ನೇ ಗುಂಡಿಗೆ ಇಳಿಸುವ ಉಪಾಯ ಅದರಲ್ಲಿ ಇದ್ದರೆ ಒಪ್ಪಬೇಡಿ. ಓದೋಕೆ ಬಂದಿದ್ದೀರಿ. ನಿಮ್ಮ ಅಜ್ಜಂದಿರು ಇಳಿದದ್ದು ಸಾಕು.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಬಿ.ಪಿ.ಎಲ್. ಕಾರ್ಡು ಇರುವವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದೇ ವಿಷಯ, 150 ಪದ ಮೀರಬಾರದು ಅಂತ ನಿಯಮ ಇದೆ. ಆದ್ದರಿಂದ ಮೂರು ಪ್ರಶ್ನೆಗೆ ಮೂರು ಅರ್ಜಿ ಮಾಡೋಣ, ಮೂರು ಜನ ಬರೆಯಿರಿ. ಅಕ್ಷರ ಚೆನ್ನಾಗಿರೋರು ಮುಂದೆ ಬನ್ನಿ. ಮುಂದಿನ ಭಾನುವಾರ ಮಡಿವಾಳ ಕೆರೆಯ ಕಡೆ ನಡೆದುಕೊಂಡು ಹೋಗಿ ಆ ಘಟಕವನ್ನು ಹೊರಗಿನಿಂದಾದರೂ ನೋಡಿ ಬರೋಣ, ಅಲ್ಲಿ ಕೆಲಸ ಮಾಡೋ ಅಣ್ಣಂದಿರು ಸಿಕ್ಕರೆ ಅವರ ಜೊತೆ ಟೀ ಕುಡಿದು ಮಾತಾಡಿಸೋಣ. ಬೆಳಿಗ್ಗೆ 7ಕ್ಕೆ ಇಲ್ಲಿಂದಲೇ ಹೊರಡೋದು. ಒಂದು ನೋಟ್‌ಬುಕ್ ತನ್ನಿ.